ಸಕ್ಕರೆಯಿಲ್ಲದ ಫ್ಲಾಸ್ಕು

ಹದಿನೇಳನೆಯ ಫ್ಲಾಸ್ಕಿನೊಳಗೆ ಬ್ರಷ್ ತಿರುಗಿಸುತ್ತಿದ್ದೆ. ಆ ದಿನ ತೊಳೆಯಬೇಕಾಗಿದ್ದದ್ದು ನಲವತ್ತು. ಬೆನ್ನ ಹಿಂದಿನಿಂದ ಒಂದು ಕೈ ಬಂದು, ನಾನು ಒಣಗಲೆಂದು ಬೋರಲು ಹಾಕಿದ್ದ ಫ್ಲಾಸ್ಕೊಂದನ್ನು ಎತ್ತಿಕೊಂಡಿತು. ತಿರುಗಿದರೆ ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಹೊಸ ಡಾಕ್ಟರು. ಫ್ಲಾಸ್ಕಿನ ಬಾಯಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಮಲ್ಲಿಗೆ ಮೂಸುವವನ ಹಾಗೆ ಉಸಿರೆಳೆದುಕೊಂಡ.

"ಸೋಪು," ಅಂದ.

"ಸೋಪು ಹಾಕಿ ತೊಳೆದ್ರೆ ಸೋಪಿನ ವಾಸನೇನೇ ಬರೋದು ಡಾಕ್ಟ್ರೇ. ಸೆಂಟು ಬರುತ್ತಾ?" ನಾನು ನಗುತ್ತಲೇ, ಮೆಲ್ಲಗೆ ಹೇಳಿದೆ.

"ಏನಂದ್ರಿ?" ಆ ದನಿಗೆ ಕಪಾಟಿನ ಗಾಜುಗಳು ಝಣ್ ಅಂದವು.

"ಏನಿಲ್ಲ. ಇನ್ನೊಂದ್ಸಲ ತೊಳೀತೀನಿ ಅಂದೆ."

"ಇನ್ನೊಂದ್ಸಲ ಅಲ್ಲ. ನನ್ನ ಯೀಸ್ಟಿಗೆ ಸೋಪು ವಿಷ. ಇವತ್ತಿಂದ ನನ್ನ ಫ್ಲಾಸ್ಕಿಗೆ ಸೋಪು ಮುಟ್ಟಿಸ್ಬೇಡಿ. ಹೇಗೆ ತೊಳೀತೀರೋ ನಿಮಗೆ ಬಿಟ್ಟಿದ್ದು."

ಹೇಳಿ, ಫ್ಲಾಸ್ಕನ್ನು ಮತ್ತೆ ನನ್ನ ತೊಟ್ಟಿಗೇ ಹಾಕಿ ಹೋದ.

ಮನಸ್ಸಿನಲ್ಲಿ ನಾನು ಅವನನ್ನು ಮೊದಲ ದಿನದಿಂದಲೂ ಏಕವಚನದಲ್ಲೇ ಬೈದದ್ದು. ಇಲ್ಲಿಯೂ ಅದೇ ಇರಲಿ.

ಇದು ಸಾವಿರದ ಒಂಬೈನೂರ ಎಂಬತ್ತನಾಲ್ಕರ ಮಾತು. ಬಂಡುಂಗ್ ಊರಿನ ಮೇಲ್ಭಾಗದಲ್ಲಿ, ಬೆಟ್ಟದ ರಸ್ತೆಯಲ್ಲಿ ಯೀಸ್ಟುಗಳನ್ನು ಸಾಕಿ ಪರೀಕ್ಷಿಸುವ ಒಂದು ಲ್ಯಾಬಿತ್ತು. ನಾನು ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ, ಯೀಸ್ಟುಗಳಿಗೆ ತಿನ್ನಲು ಬೇಕಾದ ರಸವನ್ನೂ ಕಾಯಿಸಿ ಕೊಡುತ್ತಿದ್ದೆ. ಮೂವತ್ತಾರು ವಯಸ್ಸು, ಗಂಡ ತೀರಿಹೋಗಿ ಆರು ವರ್ಷ, ಮನೆಯಲ್ಲಿ ಅಮ್ಮ ಒಬ್ಬಳು. ಹೆಸರು ಓನಿ. ಆ ಹೆಸರನ್ನು ಬರೆಯಲು ಮಾತ್ರ ನನಗೆ ಬರುತ್ತಿರಲಿಲ್ಲ. ಕೆಂಪು ಮುಚ್ಚಳ ಅಂದರೆ ಸಕ್ಕರೆಯ ರಸ, ನೀಲಿ ಮುಚ್ಚಳ ಅಂದರೆ ಸಕ್ಕರೆಯೇ ಇಲ್ಲದ, ವಿನೆಗರಿನ ಉಪ್ಪು ಹಾಕಿದ ಹುಳಿ ರಸ. ಅಳತೆ ಕೈಯಲ್ಲಿತ್ತು, ಲೆಕ್ಕ ನಾಲಿಗೆ ಮೇಲಿತ್ತು. ನನಗೆ ಅಕ್ಷರ ಬಾರದ ವಿಷಯ ಲ್ಯಾಬಿನ ಮೇಲ್ವಿಚಾರಕಿ ಬು ಲಿಲಿಸ್, 'ಬು' ಅಂದರೆ ನಮ್ಮಲ್ಲಿ 'ಅಮ್ಮನವರು', ಅವರೊಬ್ಬರಿಗೆ ಗೊತ್ತಿತ್ತು. ಅವರು ಹನ್ನೊಂದು ವರ್ಷ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಹೊಸ ಡಾಕ್ಟರಿನ ಹೆಸರು ಟಿಗೋರ್ ಹರಾಹಪ್. ಸಮುದ್ರದಾಚೆಯ ಸುಮಾತ್ರಾ ದ್ವೀಪದ ಸಿಪಿರೋಕ್ ಊರಿನವನು, ಜಪಾನಿನಲ್ಲಿ ಓದಿ ಬಂದವನು, ನಲವತ್ತು ಮುಟ್ಟಿದರೂ ಮದುವೆಯಾಗದವನು. ಅವರ ಕಡೆಯವರು ಗುಟ್ಟು ಹೇಳಿದರೆ ಪಕ್ಕದ ಬೀದಿಗೂ ಕೇಳಿಸುತ್ತದೆ. ನಾವು ಬಂಡುಂಗ್ ಕಡೆಯ ಸುಂಡಾದವರು ಸಿಟ್ಟು ಏರಿದಷ್ಟೂ ದನಿ ಇಳಿಸುತ್ತೇವೆ. ಅವನು ಕೂಗಿದ್ದು ನನಗೆ ಬೈಗುಳವಾಗಿ ಕೇಳುತ್ತಿತ್ತು. ನಾನು ಬೈದದ್ದು ಅವನಿಗೆ ಕೇಳಿಸುತ್ತಲೇ ಇರಲಿಲ್ಲ.

ಸೋಪು ಬೇಡವೇ? ಸರಿ. ಅಮ್ಮ ಪೆಯುಮ್ ಮಾಡುವ ಪಾತ್ರೆಗಳಿಗೆ ಯಾವತ್ತೂ ಸೋಪು ಮುಟ್ಟಿಸಿದವಳಲ್ಲ. ಮರಗೆಣಸನ್ನು ಬೇಯಿಸಿ, ಹುದುಗಿನ ಬಿಲ್ಲೆಯನ್ನು ಪುಡಿ ಮಾಡಿ ಸವರಿ, ಎರಡು ದಿನ ಮುಚ್ಚಿಟ್ಟರೆ ಜೇನಿನಂತೆ ಸಿಹಿಯಾಗುವ ಪೆಯುಮ್ ನಮ್ಮ ಮನೆಯ ಕಸುಬು. ಅದರ ಪಾತ್ರೆಗಳಿಗೆ ಕೊನೆಯ ನೀರು ಅಕ್ಕಚ್ಚು. ಅಕ್ಕಿ ತೊಳೆದ ಬೆಳ್ಳನೆಯ ನೀರಿನಲ್ಲಿ ಅಲುಗಿಸಿ, ಬೋರಲು ಹಾಕಿಬಿಡುವುದು. ಅದರ ಮೇಲೆ ಬೇರೆ ನೀರು ಹಾಕಿದರೆ ಪಾತ್ರೆಯ ತಂಪು ಹೋಗುತ್ತದೆ ಅನ್ನುತ್ತಿದ್ದಳು ಅಮ್ಮ. ಮರುದಿನದಿಂದ ಒಂದು ಡಬ್ಬಿಯಲ್ಲಿ ಮನೆಯ ಅಕ್ಕಚ್ಚು ಹೊತ್ತು ತಂದು, ಅವನ ಫ್ಲಾಸ್ಕುಗಳಿಗೆ ಅದರಲ್ಲೇ ಕೊನೆಯ ಸ್ನಾನ ಮಾಡಿಸಿದೆ. ಮೂಸು, ಈಗ ಮೂಸು ನೋಡೋಣ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾ.

ಅವನು ಮೂಸಿದ. ಒಂದನ್ನು ಮೂಸಿದ, ಎರಡನ್ನು ಮೂಸಿದ, ಹತ್ತನ್ನೂ ಮೂಸಿದ. ತಪ್ಪು ಹುಡುಕಲಾಗದೆ ಫ್ಲಾಸ್ಕಿನ ಮೇಲಿನಿಂದ ನನ್ನತ್ತ ನೋಡಿದ. ದಪ್ಪ ಹುಬ್ಬು. ಅದರ ಕೆಳಗೆ, ಅಷ್ಟು ದೊಡ್ಡ ಗಂಟಲಿಗೆ ಹೊಂದದ, ನಾಚುವ ಕಣ್ಣು.

"ಚೆನ್ನಾಗಿದೆ," ಅಂದ. ಚೆನ್ನಾಗಿದೆ ಅನ್ನುವುದನ್ನೂ ಬೈದಂತೆಯೇ ಅಂದ.

ನಾನು ಬ್ರಷ್ಷನ್ನು ಬೇಕೆಂದೇ ಜೋರಾಗಿ ಕೊಡವಿದೆ. ಅವನ ಬಿಳಿ ಕೋಟಿನ ಮೇಲೆ ಹನಿಗಳು ಹಾರಿದವು. ಅವನು ಒರೆಸಿಕೊಳ್ಳಲಿಲ್ಲ. ಕೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋದ.

*

ಅವನ ಜಪಾನಿನ ಯೀಸ್ಟು ನಮ್ಮ ಹವೆಗೆ ಒಗ್ಗಲಿಲ್ಲ. ಬು ಲಿಲಿಸ್ ಹೇಳಿದರೆಂದು ನಾನು ಅಮ್ಮನ ಹುದುಗಿನ ಬಿಲ್ಲೆಯೊಂದನ್ನು ತಂದು ಅವನ ಮೇಜಿನ ಮೇಲಿಟ್ಟೆ.

"ಇದೇನಿದು, ಸುಣ್ಣದ ಉಂಡೆ?"

"ನಮ್ಮ ಮನೆ ಯೀಸ್ಟು. ಜಪಾನಿಗೆ ಹೋಗಿ ಬಂದಿಲ್ಲ ಪಾಪ, ಆದ್ರೆ ಕೆಲ್ಸ ಮಾಡತ್ತೆ."

ಅದರೊಳಗಿಂದ ಒಂದೇ ಒಂದು ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಅದು ಬೆಳೆದದ್ದೇ ಬೆಳೆದದ್ದು. ಒಂದು ಮಧ್ಯಾಹ್ನ ನಾನು ಬಾಳೆಲೆ ಬಿಚ್ಚಿ ಪೆಯುಮ್ ತಿನ್ನುತ್ತಿದ್ದಾಗ ಎದುರಿನ ಸ್ಟೂಲಿನಲ್ಲಿ ಬಂದು ಕೂತ.

"ಕೊಳೆತ ಗೆಣಸನ್ನ ಹೇಗೆ ತಿಂತೀರಿ?"

"ಬಾಯಲ್ಲಿ."

ಕೈ ಚಾಚಿದ. ಒಂದು ತುಂಡು ಕೊಟ್ಟೆ. ತಿಂದು ಮುಖ ಕಿವುಚಿದ. ಇನ್ನೊಂದಕ್ಕೆ ಕೈ ಚಾಚಿದ. ಮೂರನೆಯದನ್ನು ಕೇಳದೆಯೇ ತೆಗೆದುಕೊಂಡ.

"ಕೊಳೆತದ್ದು ಅಂದ್ರಲ್ಲ?"

"ಪರೀಕ್ಷೆ ಮಾಡ್ತಿದೀನಿ." ಬೆರಳು ನೆಕ್ಕಿಕೊಂಡು ನೀಲಿ ಮುಚ್ಚಳದ ಫ್ಲಾಸ್ಕುಗಳತ್ತ ಗಲ್ಲ ತಿರುಗಿಸಿದ. "ಅದರಲ್ಲಿ ನಾನು ಏನು ಹುಡುಕ್ತಿದೀನಿ ಅಂತ ಗೊತ್ತಾ ಬು ಓನಿ?"

"ಸೋಪು."

ಅವನಿಗೆ ನಗು ಬಂತು, ನುಂಗಿಕೊಂಡ. ಆಮೇಲೆ ಹೇಳಿದ. ಯೀಸ್ಟಿನೊಳಗೆ ಒಂದು ಕಿಣ್ವವಿದೆಯಂತೆ. ಹೆಸರು ಫ್ರಕ್ಟೋಸ್ ಬಿಸ್‌ಫಾಸ್ಫಟೇಸ್. ಅವನ ಬಾಯಲ್ಲಿ ಅದು ಯಾರನ್ನೋ ಶಪಿಸಿದ ಹಾಗೆ ಕೇಳಿಸಿತು. ತಿನ್ನಲು ಸಕ್ಕರೆ ಸಿಗದಾಗ ಯೀಸ್ಟು ಈ ಕಿಣ್ವವನ್ನು ಹುಟ್ಟಿಸುತ್ತದೆ. ಅದು ಹುಳಿಯನ್ನೋ ಇನ್ನೇನನ್ನೋ ಹಿಡಿದು, ಒಳಗೊಳಗೇ ಸಕ್ಕರೆ ಮಾಡಿಕೊಟ್ಟು ಯೀಸ್ಟನ್ನು ಬದುಕಿಸುತ್ತದೆ. ಹೊರಗಿನಿಂದ ಸಕ್ಕರೆ ಬಂದು ಬಿತ್ತೋ, ಅರ್ಧ ಗಂಟೆಯಲ್ಲಿ ಯೀಸ್ಟು ಆ ಕಿಣ್ವವನ್ನು ತಾನೇ ಮುರಿದು ಹಾಕುತ್ತದೆ. ಯಾರು ಹೇಳುತ್ತಾರೆ ಮುರಿ ಎಂದು, ಹೇಗೆ ಗೊತ್ತಾಗುತ್ತದೆ ಅದಕ್ಕೆ, ಅದೇ ಅವನ ಹುಡುಕಾಟ.

"ಅಂದ್ರೆ ಬಡವರ ಮನೆ ಅಡುಗೆಯವಳು," ಅಂದೆ. "ಏನೂ ಇಲ್ಲದಾಗ ಸೊಪ್ಪುಸದೆ ಬೇಯಿಸಿ ಹೊಟ್ಟೆ ತುಂಬಿಸ್ತಾಳೆ. ಮದುವೆ ಮನೆಯಿಂದ ಊಟ ಬಂತು ಅಂದ ತಕ್ಷಣ ಅವಳನ್ನ ಬಾಗಿಲಿಂದ ಆಚೆ ತಳ್ತಾರೆ."

ಅವನು ಕೈಯಲ್ಲಿದ್ದ ಬಾಳೆಲೆಯ ಚೂರನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಏಳು ವರ್ಷ ಓದಿದೆ," ಅಂದ ಕೊನೆಗೆ. "ಹೀಗೆ ಯಾರೂ ಹೇಳಲಿಲ್ಲ."

ನನಗೆ ಒಳಗೆಲ್ಲೋ ಬೆಚ್ಚಗಾಯಿತು. ಹಾಗೆ ಬೆಚ್ಚಗಾದದ್ದಕ್ಕೆ ಅವನ ಮೇಲೆಯೇ ಸಿಟ್ಟು ಬಂತು. "ಎಲೆ ಅಲ್ಲೇ ಬಿಡ್ಬೇಡಿ, ಇರುವೆ ಬರತ್ತೆ," ಎಂದು ಎದ್ದೆ.

*

ಮಳೆಗಾಲ ಬರುವ ಹೊತ್ತಿಗೆ ಎಲ್ಲ ಕೆಟ್ಟಿತು.

ನೀಲಿ ಮುಚ್ಚಳದ ಫ್ಲಾಸ್ಕಿನಲ್ಲಿ ಆ ಅಡುಗೆಯವಳು ತುಂಬಿರಬೇಕು. ಯಾಕೆಂದರೆ ಅಲ್ಲಿ ಸಕ್ಕರೆ ಇಲ್ಲ. ಆದರೆ ಅವನು ಯೀಸ್ಟನ್ನು ಅರೆದು ನೋಡಿದರೆ ಅವಳ ಸುಳಿವೇ ಇರಲಿಲ್ಲ. ಏಳು ವಾರ, ಏಳು ಸಲ. ಡಿಸೆಂಬರಿನಲ್ಲಿ ಹೊರಗಿನ ಪಂಡಿತರು ಬಂದು ಕೆಲಸ ನೋಡುವವರಿದ್ದರು. ಅವರು ಒಪ್ಪಿದರೆ ಅವನು ಇಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ಇಲ್ಲ.

"ನಿಮ್ಮ ರಸದಲ್ಲಿ ಸಕ್ಕರೆ ಇದೆ!" ಬಾಗಿಲಿನಿಂದಲೇ ಗುಡುಗಿದ.

"ನನ್ನ ನೀಲಿ ರಸದಲ್ಲಿ ಸಕ್ಕರೆಯ ನೆರಳೂ ಇಲ್ಲ."

"ಹಾಗಾದ್ರೆ ಬರೆದಿಡಿ. ಯಾವ ಬಾಟ್ಲಿಂದ ಏನು ತಗೊಂಡ್ರಿ, ಎಷ್ಟು ತಗೊಂಡ್ರಿ, ಯಾವತ್ತು. ಪ್ರತಿ ಫ್ಲಾಸ್ಕಿಗೂ ಒಂದು ಚೀಟಿ."

"ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ."

"ನಾನು ಕೇಳ್ತಿದೀನಿ!"

"ಕೇಳ್ತಾ ಇರಿ," ಎಂದು ನಕ್ಕೆ. ಆ ದಿನ ನನ್ನ ದನಿ ಅದೆಷ್ಟು ಮೆತ್ತಗಿತ್ತೆಂದರೆ ಬು ಲಿಲಿಸ್ ಗಾಬರಿಯಾಗಿ ಎದ್ದು ನಿಂತರು.

ಮರುದಿನ ನಾನು ರಸ ಕಾಯಿಸುವ ಕೋಣೆಗೆ ಹೋದಾಗ ಬಾಟಲಿಗಳು ಎಂದಿನಂತೆ ಸಾಲಾಗಿದ್ದವು. ನೀಲಿ ಮುಚ್ಚಳದ್ದನ್ನು ತೆರೆದೆ. ಹುಳಿ ವಾಸನೆ ಇಲ್ಲ. ಕೆಂಪನ್ನು ತೆರೆದೆ, ಮೂಗಿಗೆ ವಿನೆಗರು ಚುಚ್ಚಿತು. ತಿರುಗಿದರೆ ಬಾಗಿಲಿಗೆ ಒರಗಿ ಅವನು ನಿಂತಿದ್ದ. ಮುಚ್ಚಳಗಳನ್ನು ಬದಲಿಸಿದ್ದು ಅವನೇ. ಬಾಟಲಿಯ ಮೈಮೇಲೆ ಬರೆದ ಅಕ್ಷರ ನೋಡುತ್ತೇನೆಯೋ, ಬರೀ ಬಣ್ಣ ನೋಡುತ್ತೇನೆಯೋ ಎಂದು ಪರೀಕ್ಷೆ.

ಎರಡು ಮುಚ್ಚಳಗಳನ್ನೂ ಅವುಗಳ ಜಾಗಕ್ಕೆ ತಿರುಗಿಸಿ ಹಾಕಿದೆ. "ನನ್ನ ಮೂಗಿಗೆ ಓದು ಬರತ್ತೆ ಡಾಕ್ಟ್ರೇ."

ಅವನು ಒಳಗೆ ಬಂದು ಬಾಟಲಿಯ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟ. ಆಮೇಲೆ, ಅವನ ಗಂಟಲಲ್ಲಿ ಇದೆಯೆಂದು ನನಗೆ ಗೊತ್ತೇ ಇರದ ಒಂದು ತಗ್ಗಿದ ದನಿಯಲ್ಲಿ ಕೇಳಿದ.

"ನಿಮಗೆ ಬರಲ್ವಾ?"

ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. "ಬರಲ್ಲ. ಹೋಗಿ, ಮೇಲಿನವರಿಗೆ ಹೇಳಿ. ಓದು ಬರೋ ಹೆಂಗಸನ್ನ ತಂದು ಕೂರಿಸ್ಕೊಳ್ಳಿ. ಅವಳು ಚೀಟಿ ಬರೀತಾಳೆ, ನೀವು ಚೀಟಿ ಮೂಸಿ."

ಅವನು ಯಾರಿಗೂ ಹೇಳಲಿಲ್ಲ. ಅದರ ಬದಲು ಮಾರನೆಯ ದಿನ ಪ್ರತಿ ಬಾಟಲಿಯ ಮೇಲೂ ಚಿತ್ರ ಬರೆದು ಅಂಟಿಸಿದ್ದ. ಸಕ್ಕರೆಗೆ ಒಂದು ಇರುವೆ. ವಿನೆಗರಿನ ಉಪ್ಪಿಗೆ ಹುಳಿ ತಿಂದವನ ಕಿವುಚಿದ ಮುಖ, ಹುಬ್ಬು ದಪ್ಪ, ಅವನದೇ. ನೀಲಿ ಫ್ಲಾಸ್ಕುಗಳ ಮೇಲೆ ಸೌಟು ಹಿಡಿದ ಒಬ್ಬಳು ಅಡುಗೆಯವಳು, ಅವಳ ಇನ್ನೊಂದು ಕೈಯಲ್ಲಿ ಬ್ರಷ್ಷಿನಂಥದೊಂದು. ಸೊಂಟ ಎಲ್ಲಿದೆ, ತಲೆ ಎಲ್ಲಿದೆ ಗೊತ್ತಾಗುತ್ತಿರಲಿಲ್ಲ.

"ನಾನೇನು ಶಿಶುವಿಹಾರದ ಮಗೂನಾ?"

"ಚಿತ್ರ ಚೆನ್ನಾಗಿಲ್ವಾ?"

"ಎಮ್ಮೆ ಬರೆದಿದೀರಿ."

"ಎಮ್ಮೆ ಅಲ್ಲ." ಕಿವಿಯ ತುದಿ ಕೆಂಪಾಯಿತು. "ಅದು ನೀವು."

ಹರಿದು ಹಾಕಲು ಕೈ ಎತ್ತಿದೆ. ಹರಿಯಲಿಲ್ಲ. ಒಂದನ್ನು ಮಾತ್ರ, ಯಾರೂ ಇಲ್ಲದಾಗ, ಮೆಲ್ಲಗೆ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ.

*

ಚಿತ್ರ ಬಂದರೂ ಕಿಣ್ವ ಬರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ನನ್ನನ್ನು ಒಂಥರಾ ನೋಡತೊಡಗಿದರು. ನನ್ನ ಕೈಕೆಲಸದ ಮೇಲೆ ಬಿದ್ದ ಅನುಮಾನವನ್ನು ನಾನೇ ತೆಗೆಯಬೇಕಿತ್ತು, ಮತ್ತು ನನಗೆ ಗೊತ್ತಿದ್ದ ಉಪಾಯ ಒಂದೇ.

ಕಿಟಕಿಯ ಕಲ್ಲಿನ ಮೇಲೆ ಎರಡು ಹನಿ ಇಟ್ಟೆ. ಒಂದು, ಆಗಷ್ಟೇ ನೀಲಿ ಫ್ಲಾಸ್ಕಿಗೆ ಹುಯ್ದು ಕಾಯಿಸಿ ಆರಿಸಿದ ನನ್ನ ರಸ. ಇನ್ನೊಂದು, ಅದೇ ರಸ, ಅವನು ಯೀಸ್ಟು ಬೆರೆಸಿ ಎರಡು ದಿನ ತನ್ನ ಬಳಿ ಇಟ್ಟುಕೊಂಡಿದ್ದು. ಇರುವೆಗಳು ಮೊದಲ ಹನಿಯನ್ನು ಮೂಸಿ ಮುಂದೆ ಹೋದವು. ಎರಡನೆಯದರ ಸುತ್ತ ಊಟದ ಪಂಕ್ತಿಯಂತೆ ಕೂತವು. ಮೂರು ದಿನ ಮಾಡಿದೆ. ಮೂರು ದಿನವೂ ಹಾಗೆಯೇ.

ಸೋಮವಾರ ಎಲ್ಲರೂ ಸೇರುವ ಸಭೆಗೆ ನಾನು ಯಾವತ್ತೂ ಹೋದವಳಲ್ಲ. ಅಂದು ಹೋದೆ. ಕೈ ಕಟ್ಟಿಕೊಂಡು, ನಗುತ್ತಾ, ಮೆಲ್ಲಗೆ ಹೇಳಿದೆ.

"ನನ್ನ ಕೈ ಬಿಡುವಾಗ ಫ್ಲಾಸ್ಕಿನಲ್ಲಿ ಸಕ್ಕರೆ ಇಲ್ಲ. ಡಾಕ್ಟರ ಕೈಯಲ್ಲಿ ಎರಡು ದಿನ ಇದ್ದ ಮೇಲೆ ಇದೆ. ಇರುವೆಗಳಿಗೆ ಸುಳ್ಳು ಹೇಳೋಕೆ ಬರಲ್ಲ. ಡಾಕ್ಟರ ಮೇಜಿನ ಡ್ರಾಯರಲ್ಲಿ ಸಕ್ಕರೆ ಡಬ್ಬಿ ಇದೆ. ಯೀಸ್ಟು ಕಲಕೋ ಗಾಜಿನ ಕಡ್ಡೀಲೇ ಅವರು ಕಾಫಿ ಕಲಕಿದ್ದನ್ನ ನಾನು ನೋಡಿದೀನಿ."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಜಪಾನಿನಲ್ಲಿ ಓದಿದವನು, ಕಾಫಿ ಕಡ್ಡಿ!

ಅವನು ಕೂಗುತ್ತಾನೆ ಎಂದು ಕಾದೆ. ಎದ್ದು ನಿಂತ. ಕೈಗಳನ್ನು ನೋಡಿಕೊಂಡ. "ಒಂದೆರಡು ಸಲ ಕಲಕಿದ್ದು ನಿಜ," ಅಂದ. "ಹಾಗಾದ್ರೆ ತಪ್ಪು ನನ್ನದೇ."

ಒಂದು ಮಾತು ವಾದಿಸಲಿಲ್ಲ. ಡಿಸೆಂಬರಿಗೆ ಕೊಡಬೇಕಾದ ವರದಿಯಲ್ಲೂ ಹಾಗೆಯೇ ಬರೆದ: ನನ್ನ ಅಜಾಗರೂಕತೆ. ಇಷ್ಟು ಬರೆದ ಮೇಲೆ ಅವನನ್ನು ಅಲ್ಲಿ ಇಟ್ಟುಕೊಳ್ಳುವವರು ಯಾರು?

ಹೊರಡುವ ದಿನ ತೊಟ್ಟಿಯ ಬಳಿ ಬಂದ. ಕೈಯಲ್ಲಿ ಒಂದೇ ಪೆಟ್ಟಿಗೆ. ನಾನು ಬ್ರಷ್ ನಿಲ್ಲಿಸಲಿಲ್ಲ.

"ಗೆದ್ರಿ," ಅಂದ.

"ಗೆಲ್ಲೋಕೆ ಆಟ ಆಡಿದೆನಾ? ಕೆಲಸಗಳ್ಳಿ ಅಂದಿದ್ರಿ, ಅಲ್ಲ ಅಂತ ತೋರಿಸ್ದೆ."

"ಕೆಲಸಗಳ್ಳಿ ಅನ್ನಲಿಲ್ಲ ನಾನು."

"ದನಿ ಅಂತು."

ಅವನು ಕೋಟಿನ ಜೇಬಿನಿಂದ ಒಂದು ಕಾಗದ ತೆಗೆದು ಒಣಗಿದ ಫ್ಲಾಸ್ಕಿನ ಬಾಯಿಗೆ ಸಿಕ್ಕಿಸಿದ. "ಸಿಪಿರೋಕಿನ ವಿಳಾಸ. ಅಲ್ಲಿ ಒಂದು ಸ್ಕೂಲಲ್ಲಿ ಪಾಠ ಹೇಳ್ತೀನಿ. ಇನ್ನೂ ಬೈಯೋದು ಬಾಕಿ ಇದ್ರೆ ಬರೀರಿ."

"ಬರೆಯೋಕೆ ಬರಲ್ಲ ಅಂತ ಗೊತ್ತಿದ್ದೂ ಹೀಗೆ ಹಂಗಿಸ್ತೀರಲ್ಲ!"

"ಹಂಗಿಸ್ತಿಲ್ಲ ಬು ಓನಿ." ಮತ್ತೆ ಆ ತಗ್ಗಿದ ದನಿ. "ಕಾಯ್ತೀನಿ ಅಂದೆ."

ನಾನು ತಲೆ ಎತ್ತುವಷ್ಟರಲ್ಲಿ ಬಾಗಿಲು ಅಲುಗುತ್ತಿತ್ತು.

*

ಮೂರು ತಿಂಗಳು ಕಳೆದಿತ್ತು. ಅಮ್ಮನಿಗೆ ಕೈನೋವು. ಮನೆಯಲ್ಲಿ ಪೆಯುಮ್ ಕೆಲಸವೆಲ್ಲ ನನ್ನದೇ. ಹುದುಗಿನ ಬಿಲ್ಲೆ ಪುಡಿ ಮಾಡುವಾಗ ಒಂದು ಚೂರು ಸಿಡಿದು ಪಕ್ಕದ ಪಾತ್ರೆಗೆ ಬಿದ್ದದ್ದು ಕಾಣಲಿಲ್ಲ. ಆ ಪಾತ್ರೆಯ ತಳದಲ್ಲಿ ನಾಲ್ಕು ಚಮಚದಷ್ಟು ಅಕ್ಕಚ್ಚು ಉಳಿದಿತ್ತು. ಬೇರೇನೂ ಇರಲಿಲ್ಲ.

ಎರಡು ದಿನದ ನಂತರ ಆ ಪಾತ್ರೆಯ ಅಂಚಿನ ತುಂಬ ಇರುವೆ.

ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಸಿಹಿ.

ನಾನು ಅಲ್ಲೇ ಒಲೆಯ ಪಕ್ಕ ಕೂತುಬಿಟ್ಟೆ. ಮರಗೆಣಸನ್ನು ಸಿಹಿ ಮಾಡುವ ಹುದುಗು ಅಕ್ಕಿಯ ಗಂಜಿಯನ್ನು ಸುಮ್ಮನೆ ಬಿಡುತ್ತದೆಯೇ? ಹುಟ್ಟಿದಾಗಿನಿಂದ ನೋಡಿದ್ದೇನೆ, ಅದರಲ್ಲೇ ಅನ್ನ ತಿಂದಿದ್ದೇನೆ, ತಲೆಗೆ ಹೊಳೆಯಲಿಲ್ಲ. ಅವನ ಫ್ಲಾಸ್ಕುಗಳ ಒಳಮೈಗೆ ಪ್ರತಿದಿನ ಅಕ್ಕಚ್ಚಿನ ಲೇಪ ಕೊಟ್ಟವಳು ನಾನು. ಅದರ ಮೇಲೆ ರಸ ಹುಯ್ದು ಕಾಯಿಸಿದವಳೂ ನಾನು. ಗಂಜಿ ಸಿಹಿಯಲ್ಲ, ಇರುವೆ ಮುಟ್ಟಲಿಲ್ಲ. ಆಮೇಲೆ ನಮ್ಮ ಮನೆಯ ಯೀಸ್ಟು ಒಳಗೆ ಹೋಯಿತು, ಆ ಗಂಜಿಯನ್ನು ಸಕ್ಕರೆ ಮಾಡಿತು, ತಾನೇ ಮಾಡಿದ ಸಕ್ಕರೆ ಕಂಡು ತನ್ನ ಅಡುಗೆಯವಳನ್ನು ತಾನೇ ಕೊಂದಿತು. ಜಪಾನಿನ ಯೀಸ್ಟಿಗೆ ಗಂಜಿ ತಿನ್ನಲು ಬರುವುದಿಲ್ಲ. ಹಾಗಾಗಿ ಅವನಿಗೆ ಆ ಅನುಮಾನವೇ ಬರಲಿಲ್ಲ.

ಕಾಫಿ ಕಡ್ಡಿಗೆ ಅಂಟಿದ ಸಕ್ಕರೆ ಎಷ್ಟಿದ್ದೀತು!

ಬು ಲಿಲಿಸ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿದರು. "ಈಗ ಯಾಕೆ ಕೆದಕ್ತೀಯ ಓನಿ? ಅವರು ಹೋದರು. ನಿನ್ನ ಕೆಲಸ ಹೋದ್ರೆ ನಿನ್ನ ತಾಯಿ ಗತಿ ಏನು? ನಿನಗೆ ಓದು ಬರಲ್ಲ ಅಂತ ಮುಚ್ಚಿಟ್ಟ ನನ್ನ ಗತಿ?"

"ಅವರಿಗೆ ಒಂದು ಕಾಗದ ಬರ್ಕೊಡಿ. ಅಷ್ಟೇ ಸಾಕು."

"ನನ್ನ ಕೈಲಿ ಬರಿಸ್ಬೇಡ ಇಂಥದ್ದನ್ನ."

ಅವರು ಹೇಳಿದ್ದೇ ಸರಿ ಅನ್ನಿಸಿತು, ಬೇರೆ ಕಾರಣಕ್ಕೆ. ಆ ಕಾಗದ ಬೇರೆಯವರ ಕೈಬರಹದಲ್ಲಿ ಹೋಗಬಾರದು. ಅದೇ ವಾರ ಮಸೀದಿಯ ಹಿಂದಿನ ರಾತ್ರಿಶಾಲೆಗೆ ಸೇರಿಕೊಂಡೆ. ಗಾಡಿ ಎಳೆಯುವವರು, ಮನೆಗೆಲಸದವರು, ಮೊಮ್ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿಯರು. ಮೇಷ್ಟ್ರು ಕೇಳಿದರು, "ಯಾಕೆ ಕಲೀಬೇಕು ಅಂತಿದೀರಿ?" ಎಲ್ಲರೂ ದೇವರ ಪುಸ್ತಕ, ಬಸ್ಸಿನ ಬೋರ್ಡು ಅಂದರು. ನಾನು "ಒಬ್ಬರನ್ನ ಬೈಯೋದಿದೆ" ಅಂದೆ. ಎಲ್ಲರೂ ನಕ್ಕರು.

ಎರಡು ವರ್ಷಕ್ಕೆ ಕಾಗದ ಬರೆದೆ. ಎರಡು ಪುಟ, ಅಕ್ಷರಗಳೆಲ್ಲ ಅವನ ಚಿತ್ರದಂತೆ ಸೊಂಟ ತಲೆ ಇಲ್ಲದವು. ಲಕೋಟೆಗೆ ಹಾಕಿದೆ. ಕಳಿಸಲಿಲ್ಲ.

ಯಾಕೆ ಅಂದರೆ ಏನು ಹೇಳಲಿ? ಮೊದಲು ಅಮ್ಮನ ಔಷಧಿ, ಕೆಲಸ ಹೋದರೆ ಏನು ಅನ್ನುವ ಭಯ. ಆಮೇಲೆ ಅಮ್ಮ ಹೋದಳು. ಬು ಲಿಲಿಸ್ ನಿವೃತ್ತಿಯಾಗುವವರೆಗೆ ಅವರ ಮಾನದ ನೆಪ. ಅವರೂ ಮನೆಗೆ ಹೋದರು. ಕೊನೆಗೆ ಉಳಿದದ್ದು ಒಂದೇ: ಒಬ್ಬ ಮನುಷ್ಯನ ಹೆಸರು ಕೆಡಿಸಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡವಳನ್ನು ಅವನು ಏನೆಂದುಕೊಳ್ಳುತ್ತಾನೆ ಎಂಬ ಭಯ. ಆ ಭಯ ಪ್ರತಿ ವರ್ಷವೂ ಒಂದು ವರ್ಷದಷ್ಟು ದೊಡ್ಡದಾಗುತ್ತಿತ್ತು. ವರ್ಷಕ್ಕೊಮ್ಮೆ ಕಾಗದ ತೆಗೆದು ತಿದ್ದುತ್ತಿದ್ದೆ. ಅಕ್ಷರ ದುಂಡಗಾಯಿತು. ಕಾಗದ ಪೆಟ್ಟಿಗೆಯಲ್ಲೇ ಉಳಿಯಿತು. ಅದರ ಜೊತೆ ಸೌಟು ಹಿಡಿದ ಎಮ್ಮೆಯೂ.

*

ಎರಡು ಸಾವಿರದ ಆರು. ನನಗೆ ಐವತ್ತೆಂಟು. ಇನ್ನೆರಡು ವಾರಕ್ಕೆ ನಾನೂ ತೊಟ್ಟಿ ಬಿಡಬೇಕು. ಸುಮಾತ್ರಾದಿಂದ ನೂರ್‌ಹಾಯಿದಾ ಎಂಬ ಹೊಸ ಸಂಶೋಧಕಿ ಬಂದಿದ್ದಳು. ಅವಳು ಮೇಜಿನ ಮೇಲೆ ಟೀ ಲೋಟ ಇಟ್ಟದ್ದನ್ನು ಕಂಡು ಲ್ಯಾಬಿನ ಹಳಬನೊಬ್ಬ ಎಲ್ಲರೆದುರು ಹೇಳಿದ, "ಅದನ್ನ ಆಚೆ ಇಡಮ್ಮ. ಕಾಫಿ ಡಾಕ್ಟರ ಥರ ಆಗ್ಬೇಡ."

"ಯಾರು ಕಾಫಿ ಡಾಕ್ಟರು?"

ಅವನು ಆ ಕಥೆ ಹೇಳಿದ. ಅವನು ಲ್ಯಾಬಿಗೆ ಸೇರುವ ಎಷ್ಟೋ ಮೊದಲು ನಡೆದ ಕಥೆ. ಹೊಸದಾಗಿ ಬಂದವರಿಗೆಲ್ಲ ಅಲ್ಲಿ ಅದನ್ನು ಹೇಳಿಯೇ ಎಚ್ಚರಿಸುವುದು. ಜಪಾನು, ಗಾಜಿನ ಕಡ್ಡಿ, ಇರುವೆ. ಎಲ್ಲರೂ ನಗುವ ಜಾಗದಲ್ಲಿ ಎಲ್ಲರೂ ನಕ್ಕರು. ನಾನು ಎಂದಿನಂತೆ ನೀರಿನ ನಲ್ಲಿ ಜೋರು ಮಾಡಿದೆ.

ನೂರ್‌ಹಾಯಿದಾ ನಗಲಿಲ್ಲ. ಆಮೇಲೆ ತೊಟ್ಟಿಯ ಬಳಿ ಬಂದಳು. "ಅಜ್ಜಿ, ಅವರ ಹೆಸರು ಟಿಗೋರ್ ಹರಾಹಪ್ಪಾ?"

ಬ್ರಷ್ ಕೈಯಿಂದ ಜಾರಿತು.

"ಜಪಾನಲ್ಲಿ ಓದಿ ಈ ಲ್ಯಾಬಲ್ಲಿದ್ದೋರು ಅಂದ್ರೆ ನಮ್ಮ ಮೇಷ್ಟ್ರೇ ಇರ್ಬೇಕು. ನಾನು ಈ ಓದಿಗೆ ಬಂದಿದ್ದೇ ಅವರಿಂದ. ಇಡೀ ಊರಿನ ಜೊತೆ ಜಗಳ ಆಡ್ತಾರೆ, ಆದ್ರೆ ಓದು ಬರದ ಮಕ್ಕಳಿಗೆ ಮಾತ್ರ ಯಾವತ್ತೂ ಕೂಗಲ್ಲ. ಚಿತ್ರ ಬರ್ದು ಬರ್ದು ಹೇಳ್ಕೊಡ್ತಾರೆ. ಎಂಥ ಕೆಟ್ಟ ಚಿತ್ರ ಅಂತೀರಿ!"

"ಮನೆಯವರು?" ಎಂದೆ, ನೀರಿನತ್ತ ನೋಡುತ್ತಾ.

"ಎಲ್ಲಿ ಅಜ್ಜಿ! ಒಬ್ಬರೇ." ಅವಳ ದನಿ ಸಣ್ಣಗಾಯಿತು. "ಒಂದು ವಿಷಯ ಮಾತ್ರ ಈಗ ಅರ್ಥ ಆಯ್ತು. ನಮ್ಮೂರಲ್ಲಿ ಕಾಫಿ ಅಂದ್ರೆ ಪಾಯಸದ ಹಾಗೆ. ಮೇಷ್ಟ್ರು ಒಬ್ಬರೇ ಸಕ್ಕರೆ ಹಾಕಿಸ್ಕೊಳ್ಳಲ್ಲ. ಯಾಕೆ ಸಾರ್ ಅಂತ ಕೇಳಿದ್ರೆ, 'ಸಕ್ಕರೆಯಿಂದ ಒಬ್ಬರಿಗೆ ಅನ್ಯಾಯ ಮಾಡ್ಬಿಟ್ಟೆ, ಅವರ ಕೈಕೆಲಸದ ಮೇಲೆ ಅನುಮಾನ ಪಟ್ಟೆ' ಅಂತಿದ್ರು."

ಇಪ್ಪತ್ತೆರಡು ವರ್ಷ.

ನನ್ನ ಅಕ್ಕಚ್ಚಿನ ಸಕ್ಕರೆಗೆ ಅವನು ತನ್ನ ಕಾಫಿಯ ಸಕ್ಕರೆ ಬಿಟ್ಟಿದ್ದ. ಸಿಹಿಯೇ ಇಲ್ಲದ ಕಡೆ ಕೂತು, ಒಳಗೊಳಗೇ ಏನನ್ನೋ ಮಾಡಿಕೊಂಡು ಬದುಕಿದ್ದ. ನಾನೂ ಅಷ್ಟೇ ತಾನೇ.

ನನಗೆ ಎಂಥ ಸಿಟ್ಟು ಬಂತೆಂದರೆ, ಜೀವಮಾನದಲ್ಲಿ ಮೊದಲ ಬಾರಿಗೆ ಕೂಗಿಬಿಟ್ಟೆ. "ಹುಚ್ಚ! ಶುದ್ಧ ಹುಚ್ಚ ಆ ಮನುಷ್ಯ!" ಇಡೀ ಲ್ಯಾಬು ತಿರುಗಿ ನೋಡಿತು. ನೂರ್‌ಹಾಯಿದಾ ನನ್ನ ಒದ್ದೆ ಕೈ ಹಿಡಿದುಕೊಂಡಳು. ನಾನು ಅಳುತ್ತಿದ್ದೆನಂತೆ.

ಆ ಸಂಜೆ ಹಳೆಯ ಕಾಗದವನ್ನು ಹರಿದು ಹಾಕಿದೆ. ಇಪ್ಪತ್ತು ವರ್ಷ ತಿದ್ದಿದ ಮಾತು, ನಯವಾಗಿ ನಯವಾಗಿ ಅದರಲ್ಲಿ ನಾನೇ ಉಳಿದಿರಲಿಲ್ಲ. ಹೊಸದನ್ನು ಒಂದೇ ಉಸಿರಿಗೆ ಬರೆದೆ.

"ಬಾಂಗ್ ಟಿಗೋರ್,

ಬೈಯುವುದು ಬಾಕಿ ಇದ್ದರೆ ಬರೆಯಿರಿ ಅಂದಿದ್ದಿರಿ. ಅದಕ್ಕೇ ಬರೆಯಲು ಕಲಿತೆ. ಅಕ್ಷರ ನನ್ನದೇ.

ತಪ್ಪು ನಿಮ್ಮ ಕಾಫಿಯದಲ್ಲ. ನೀವು ಸೋಪು ಬೇಡ ಅಂದಿರಿ, ನಾನು ಅಕ್ಕಚ್ಚಿನಲ್ಲಿ ತೊಳೆದೆ. ಗಾಜಿಗೆ ಗಂಜಿ ಅಂಟಿತು. ನಮ್ಮ ಮನೆಯ ಯೀಸ್ಟು ಅದನ್ನು ಸಕ್ಕರೆ ಮಾಡಿತು. ನೀರೂ ನಮ್ಮ ಮನೆಯದು, ಯೀಸ್ಟೂ ನಮ್ಮ ಮನೆಯದು. ಮೂರು ತಿಂಗಳಿಗೇ ನನಗೆ ತಿಳಿಯಿತು. ಇಪ್ಪತ್ತೆರಡು ವರ್ಷ ಹೇಳಲಿಲ್ಲ. ಹೇಡಿ ನಾನು. ಇದಕ್ಕೆ ನೀವು ಎಷ್ಟು ಬೇಕಾದರೂ ಕೂಗಿ. ಇಲ್ಲಿಯವರೆಗೂ ಕೇಳಿಸುತ್ತದೆ ಎಂದು ಗೊತ್ತು.

ಆದರೆ ನೀವೂ ಹುಚ್ಚರು. ಎಲ್ಲರೆದುರು ಒಂದು ಹೆಂಗಸು ಬಾಯಿಗೆ ಬಂದದ್ದು ಅಂದರೆ, ಇಲ್ಲ ಅನ್ನಬಾರದಿತ್ತೇ? ಒಂದೇ ಒಂದು ಸಲ ಜಗಳ ಆಡಬೇಕಾದ ಕಡೆ ಸುಮ್ಮನಾದಿರಲ್ಲ!

ಈ ಕಾಗದದ ಒಂದು ಪ್ರತಿಯನ್ನು ಸೋಮವಾರ ಲ್ಯಾಬಿನ ಬಾಗಿಲಿಗೆ ನಾನೇ ಅಂಟಿಸುತ್ತೇನೆ, ಸಭೆಯಲ್ಲಿ ನಾನೇ ಓದುತ್ತೇನೆ. ಇನ್ನು ಯಾರೂ ನಿಮ್ಮನ್ನು ಕಾಫಿ ಡಾಕ್ಟರು ಎಂದು ಕರೆಯುವುದಿಲ್ಲ. ಅದರಲ್ಲಿ ಕೆಳಗಿನ ಸಾಲುಗಳು ಇರುವುದಿಲ್ಲ.

ಎಮ್ಮೆಯ ಚಿತ್ರ ನನ್ನ ಬಳಿ ಇದೆ. ಕಾಫಿಗೆ ಸಕ್ಕರೆ ಹಾಕಿಕೊಳ್ಳಿ. ನಾನು ಬಂದು ಹಾಕಬೇಕು ಅಂತಿದ್ದರೆ ಬರೆಯಿರಿ. ಪೆಯುಮ್ ಕಟ್ಟಿಕೊಂಡು ಬರುತ್ತೇನೆ.

ಓನಿ."

ಮೇಲೆ ಬರೆದ 'ಬಾಂಗ್' ಅನ್ನುವುದನ್ನು ನಾಲ್ಕು ಸಲ ನೋಡಿದೆ. ಅಣ್ಣನನ್ನೂ ಹಾಗೆ ಕರೆಯುತ್ತಾರೆ. ಅವರ ಕಡೆ ಹೆಂಡತಿ ಗಂಡನನ್ನು ಕರೆಯುವುದೂ ಹಾಗೆಯೇ. ಹೇಗೆ ಓದಿಕೊಳ್ಳುತ್ತಾನೋ ಅವನಿಗೆ ಬಿಟ್ಟಿದ್ದು.

ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಮೂರನೆಯವಳು ನಾನು. ಕಿಟಕಿಯ ಹಿಂದಿನ ಹುಡುಗಿ ಲಕೋಟೆಯನ್ನು ತಿರುಗಿಸಿ ನೋಡಿದಳು.

"ಕಳಿಸೋರ ಹೆಸರು ಇಲ್ವಲ್ಲ ಅಜ್ಜಿ. ಹೇಳಿ, ನಾನು ಬರ್ಕೊಳ್ತೀನಿ."

"ಬೇಡ," ಎಂದು ಪೆನ್ನು ಕಸಿದುಕೊಂಡೆ. ಹಿಂದೆ ನಿಂತವರು ಗೊಣಗಿದರು. ಗೊಣಗಲಿ ಬಿಡಿ. ಒಂದೊಂದೇ ಅಕ್ಷರ ಇಳಿಸಿ, ಮಸಿ ಒಣಗುವವರೆಗೆ ಊದಿ, ಲಕೋಟೆಯನ್ನು ಅವಳ ಕೈಗೆ ಕೊಟ್ಟೆ.

ಅವಳು ಧಡ್ ಎಂದು ಮುದ್ರೆ ಒತ್ತಿ, ಹಿಂದಿನ ಚೀಲಕ್ಕೆ ಎಸೆದಳು.